ಪಾಲಿಗೆ ಮೊದಲು ಉಯಿಲು: ಕಾಸರಗೋಡಿನ ಅಳಿಯಸಂತಾನ ಕುಟುಂಬಗಳ ಆಸ್ತಿ ವಿಲೇವಾರಿಯ ಚರಿತ್ರೆ

ತಿರುವನಂತಪುರದ ರೈಲು ನಿಲ್ದಾಣವೂ ಬಸ್ಸು ನಿಲ್ದಾಣವೂ ಇರುವ ಬಡಾವಣೆಗೆ ತಂಪಾನೂರು ಎಂದು ಹೆಸರು. ಮಂಜೇಶ್ವರ, ಕುಂಬಳೆ, ಕಾಸರಗೋಡುಗಳಿಂದ ಸರ್ಕಾರದ ಕೆಲಸಕ್ಕಾಗಿ ಹೊರಟ ಕನ್ನಡಿಗನು ರಾಜ್ಯದ ಉದ್ದಗಲವನ್ನು ಒಂದು ರಾತ್ರಿಯಲ್ಲಿ ದಾಟಿ ಇಳಿಯುವುದು ಇಲ್ಲಿಯೇ. ಇಲ್ಲಿಂದ ನಡೆದೇ ಹೋಗಬಹುದಾದ ದೂರದಲ್ಲಿ ಸೆಕ್ರೆಟೇರಿಯೇಟ್ ಇದೆ. 1998ರವರೆಗೆ ಕೇರಳದ ವಿಧಾನಸಭೆ ಸೇರುತ್ತಿದ್ದುದೂ ಅದರ ಆವರಣದಲ್ಲಿಯೇ. ಆ ಸಭೆ ಅಂಗೀಕರಿಸಿದ ಶಾಸನವೊಂದು 1976ರ ಡಿಸೆಂಬರ್ 1ರಂದು ಜಾರಿಗೆ ಬಂದಾಗ, ಕಾಸರಗೋಡಿನ ಅಳಿಯಸಂತಾನ ಕುಟುಂಬಗಳು ಕಾನೂನಿನ ದೃಷ್ಟಿಯಲ್ಲಿ ಇಲ್ಲವಾದವು. ಅಳಿಯಸಂತಾನವು ಅಳಿದದ್ದು ಹೀಗೆ ಎಂಬುದು ಸಾಮಾನ್ಯವಾಗಿ ಪ್ರಚಾರದಲ್ಲಿರುವ ಹೇಳಿಕೆ. ಇನ್ನು ಕೆಲವರು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯನ್ನು ಹೆಸರಿಸುತ್ತಾರೆ. ಈ ಎರಡು ಹೇಳಿಕೆಗಳೂ ಸುಳ್ಳಲ್ಲ. ಆದರೆ ಎರಡೂ ಕಥೆಯ ಕೊನೆಯಿಂದ ಆರಂಭಿಸುತ್ತವೆ. ದಕ್ಷಿಣ ಕನ್ನಡ ಜಿಲ್ಲೆಯ ಅಳಿಯಸಂತಾನದವರಿಗೆ ತಮ್ಮ ಪಾಲನ್ನು ಕೇಳುವ ಹಕ್ಕು ಬರುವುದಕ್ಕೆ ಅರ್ಧ ಶತಮಾನ ಮೊದಲೇ ಉಯಿಲು ಬರೆಯುವ ಹಕ್ಕು ಶಾಸನದ ಮೂಲಕ ಬಂದಿತ್ತು. ಈ ಕ್ರಮವನ್ನು ಗಮನಿಸದೆ ಆ ಪ್ರದೇಶದ ಆಸ್ತಿ ಚರಿತ್ರೆಯನ್ನು ಅರ್ಥಮಾಡಿಕೊಳ್ಳುವುದು ಸಾಧ್ಯವಿಲ್ಲವೆಂಬುದು ನಮ್ಮ ನಿಲುವು.

ರಾಜ್ಯದ ಹೊರಗಿನ ವಿದ್ವಾಂಸರಿಗಾಗಿ ಪದ್ಧತಿಯ ಸ್ವರೂಪವನ್ನು ಮೊದಲು ಸ್ಥೂಲವಾಗಿ ಹೇಳಬೇಕು. ಅಳಿಯಸಂತಾನವೆಂದರೆ ತಾಯಿಯ ಕಡೆಯಿಂದ ವಂಶವನ್ನು ಎಣಿಸುವ ಕ್ರಮ. ಬಂಟರು, ಬಿಲ್ಲವರು, ಮೊಗವೀರರು, ತುಳುನಾಡಿನ ಜೈನರಲ್ಲಿ ಅನೇಕರು ಈ ಕ್ರಮವನ್ನು ಅನುಸರಿಸಿದವರು. ಒಬ್ಬ ಮೂಲಸ್ತ್ರೀಯಿಂದ ಹೆಣ್ಣು ಸಂತಾನದ ಮೂಲಕ ಇಳಿದುಬಂದವರೆಲ್ಲರೂ ಸೇರಿದರೆ ಕುಟುಂಬ. ಕುಟುಂಬದೊಳಗೆ ಒಬ್ಬೊಬ್ಬ ಸ್ತ್ರೀಯ ಶಾಖೆಗೆ ಕವರು ಎಂದು ಹೆಸರು. ಮರದ ಕೊಂಬೆ ಒಡೆಯುವ ಜಾಗವನ್ನು ಕವರು, ಕವಲು ಎನ್ನುವ ಮಾತೇ ಇಲ್ಲಿ ವಂಶವಾಚಕವಾಗಿದೆ. ಆಡಳಿತ ನಡೆಸುವ ಹಿರಿಯನು ಯಜಮಾನ, ಹಿರಿಯಳಾದರೆ ಯಜಮಾನ್ತಿ. ಆಸ್ತಿ ಯಾವ ಒಬ್ಬರದೂ ಅಲ್ಲ, ಕುಟುಂಬದ್ದು. ಯಜಮಾನನ ತರುವಾಯ ಅಧಿಕಾರವು ಅವನ ಮಗನಿಗಲ್ಲ, ತಮ್ಮನಿಗೋ ಸೋದರಿಯ ಮಗನಿಗೋ ಹೋಗುತ್ತದೆ. ಅವನ ಮಕ್ಕಳು ಅವನ ಹೆಂಡತಿಯ ಕುಟುಂಬದವರು; ಅವರ ಅನ್ನ, ಬಟ್ಟೆ, ಮದುವೆ ಆ ಕುಟುಂಬದ ಹೊಣೆ.

ಈ ಕ್ರಮದ ಮೂಲವನ್ನು ಐತಿಹ್ಯವು ಭೂತಾಳಪಾಂಡ್ಯನಿಗೆ ಕಟ್ಟುತ್ತದೆ. ದೇವಪಾಂಡ್ಯನು ಹಡಗುಗಳನ್ನು ಕಡಲಿಗಿಳಿಸುವಾಗ ಕುಂಡೋದರನೆಂಬ ಭೂತವು ನರಬಲಿಯನ್ನು ಕೇಳಿತು. ರಾಜನ ಹೆಂಡತಿ ತನ್ನ ಮಕ್ಕಳಲ್ಲಿ ಒಬ್ಬನನ್ನೂ ಕೊಡಲೊಪ್ಪಲಿಲ್ಲ. ಸೋದರಿ ತನ್ನ ಮಗನನ್ನು ಒಪ್ಪಿಸಿದಳು. ಭೂತವು ಮೆಚ್ಚಿ ಹುಡುಗನನ್ನು ಉಳಿಸಿ ಅವನಿಗೆ ರಾಜ್ಯವನ್ನು ಕೊಡಿಸಿತು ಎಂಬುದು ಕಥೆ. ಅವನ ಹೆಸರಿನಲ್ಲಿ ಚಾಲ್ತಿಯಲ್ಲಿರುವ ಕಟ್ಟುಕಟ್ಟಳೆಯ ಪ್ರಾಚೀನತೆಯನ್ನು ವಿದ್ವಾಂಸರು ಬಹು ಹಿಂದಿನಿಂದಲೇ ಶಂಕಿಸಿದ್ದಾರೆ. ಆ ಚರ್ಚೆ ನಮಗಿಲ್ಲಿ ಬೇಡ. ಆದರೆ ಕಥೆಯಲ್ಲಿ ಹೆಂಡತಿ ಮತ್ತು ಸೋದರಿ ಎದುರುಬದಿರಾಗಿ ನಿಂತಿರುವುದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ಬರುವ ಶಾಸನಗಳ ಒಳಗೂ ಇದೇ ಇಬ್ಬರು ಸ್ತ್ರೀಯರು ಇದ್ದಾರೆ.

ಬ್ರಿಟಿಷ್ ಆಳ್ವಿಕೆಯ ನ್ಯಾಯಾಲಯಗಳು ಈ ಪದ್ಧತಿಯನ್ನು ಕಾನೂನಾಗಿ ಮನ್ನಿಸಿದುವಲ್ಲದೆ ಅದನ್ನು ಬಿಗಿಗೊಳಿಸಿದುವು ಎಂದೂ ಹೇಳಬಹುದು. ಎಲ್ಲ ಸದಸ್ಯರ ಒಪ್ಪಿಗೆಯಿಲ್ಲದೆ ಕುಟುಂಬದ ಆಸ್ತಿಯನ್ನು ಪಾಲು ಮಾಡಿಸುವಂತಿಲ್ಲ ಎಂಬುದು ಸ್ಥಿರವಾಯಿತು. ಇದರಿಂದ ಒಂದು ವಿಚಿತ್ರ ಸ್ಥಿತಿ ಉಂಟಾಯಿತು. ವಕೀಲಿ, ಸರ್ಕಾರಿ ನೌಕರಿ, ವ್ಯಾಪಾರಗಳಿಂದ ಹಣ ಗಳಿಸಿದ ಹೊಸ ತಲೆಮಾರಿನವನು ಹೆಂಡತಿ ಮಕ್ಕಳೊಡನೆ ಮಂಗಳೂರಿನಲ್ಲೋ ಮದ್ರಾಸಿನಲ್ಲೋ ಬಾಳುತ್ತಿದ್ದರೂ, ಏನನ್ನೂ ಬರೆದಿಡದೆ ಸತ್ತರೆ ಅವನ ಸ್ವಯಾರ್ಜಿತವೂ ತಾಯಿಯ ಕಡೆಗೇ ಹೋಗುತ್ತಿತ್ತು. ಜೊತೆಯಲ್ಲಿದ್ದ ಹೆಂಡತಿಗೆ ಕಾನೂನಿನಲ್ಲಿ ಹೆಂಡತಿಯ ಸ್ಥಾನವೇ ಸಂದೇಹಾಸ್ಪದವಾಗಿತ್ತು.

ಮದ್ರಾಸ್ ಸರ್ಕಾರವು ಇದಕ್ಕೆ ಎರಡು ಬಾಗಿಲುಗಳನ್ನು ತೆರೆಯಿತು. ಮೊದಲನೆಯದು 1896ರ ಮಲಬಾರ್ ವಿವಾಹ ಕಾಯಿದೆ. ಹೆಸರು ಮಲಬಾರಿನದಾದರೂ ಮರುಮಕ್ಕತ್ತಾಯದವರಂತೆ ಅಳಿಯಸಂತಾನದವರನ್ನೂ ಅದು ಉದ್ದೇಶಿಸಿತ್ತು. ವಿವಾಹವನ್ನು ನೋಂದಾಯಿಸಿಕೊಂಡವನು ಉಯಿಲು ಬರೆಯದೆ ಸತ್ತರೆ ಅವನ ಸ್ವಯಾರ್ಜಿತದಲ್ಲಿ ಅರ್ಧವು ಹೆಂಡತಿ ಮಕ್ಕಳಿಗೆ ಎಂದು ಅದು ವಿಧಿಸಿತು. ನೋಂದಾಯಿಸಿಕೊಂಡವರು ತೀರ ವಿರಳ. ಊರಿನ ಕಣ್ಣಿಗೆ ಮದುವೆ ಆಗಲೇ ಆಗಿದ್ದವನು ಅದನ್ನು ಕಚೇರಿಗೆ ಹೋಗಿ ಮತ್ತೆ ಸಾಬೀತುಪಡಿಸಬೇಕೆಂಬ ಕಲ್ಪನೆ ಜನರಿಗೆ ರುಚಿಸದಿದ್ದುದು ಸಹಜ. ಎರಡನೆಯ ಬಾಗಿಲು 1898ರ ಮಲಬಾರ್ ಉಯಿಲು ಕಾಯಿದೆ, ಆ ವರ್ಷದ ಮದ್ರಾಸ್ ಶಾಸನಗಳಲ್ಲಿ 5ನೆಯದು. ಮರುಮಕ್ಕತ್ತಾಯ, ಅಳಿಯಸಂತಾನಗಳ ಕಟ್ಟಿಗೆ ಒಳಪಟ್ಟವರು ಉಯಿಲಿನ ಮೂಲಕ ಆಸ್ತಿಯನ್ನು ವಿಲೇ ಮಾಡಬಹುದೆಂದು ಅದು ಸ್ಪಷ್ಟವಾಗಿ ಹೇಳಿತು. ಬದುಕಿರುವಾಗ ದಾನವಾಗಿ ಕೊಡಬಹುದಾದುದನ್ನು ಸಾವಿನ ತರುವಾಯಕ್ಕೆ ಬರೆದಿಡಬಹುದು ಎಂಬುದು ಅದರ ತತ್ತ್ವ. ಆದುದರಿಂದ ಕುಟುಂಬದ ಅವಿಭಕ್ತ ಆಸ್ತಿಯ ಮೇಲೆ ಅದರ ಕೈ ಓಡಲಿಲ್ಲ. ಸ್ವಯಾರ್ಜಿತಕ್ಕೆ ಮಾತ್ರ ಅದು ಸೀಮಿತ.

ಈ ಎರಡನೆಯ ಶಾಸನವನ್ನು ಚರಿತ್ರಕಾರರು ಬಹುಮಟ್ಟಿಗೆ ಉಪೇಕ್ಷಿಸಿದ್ದಾರೆ. ವಿವಾಹ ಕಾಯಿದೆಯ ಬಗ್ಗೆ, ಅದರ ಹಿಂದಿನ ಆಯೋಗದ ಬಗ್ಗೆ ಬೇಕಾದಷ್ಟು ಬರೆಹಗಳಿವೆ. ಉಯಿಲು ಕಾಯಿದೆಗೆ ಒಂದು ಅಡಿಟಿಪ್ಪಣಿಯೂ ಕಷ್ಟ. ಮದುವೆಯು ಸಮಾಜದ ವಿಷಯ, ಉಯಿಲು ವಕೀಲರ ವಿಷಯ ಎಂಬ ಪೂರ್ವಗ್ರಹವೇ ಇದಕ್ಕೆ ಕಾರಣವಿರಬೇಕು. ವಿವಾಹ ಕಾಯಿದೆಯ ಸೌಲಭ್ಯ ಪಡೆಯಲು ಗಂಡನು ತನ್ನ ಮದುವೆ ಇದುವರೆಗೆ ಕಾನೂನುಬದ್ಧವಾಗಿರಲಿಲ್ಲವೆಂದು ಪರೋಕ್ಷವಾಗಿ ಒಪ್ಪಬೇಕಾಗಿತ್ತು. ಉಯಿಲಿಗೆ ಅಂತಹ ಒಪ್ಪಿಗೆ ಬೇಡ. ಹೆಂಡತಿ ಯಾರು, ಮಕ್ಕಳು ಯಾರು ಎಂಬುದನ್ನು ಬರೆಯುವವನೇ ಹೇಳುತ್ತಾನೆ. ಅದನ್ನು ಪ್ರಶ್ನಿಸುವ ಅಧಿಕಾರ ಸೋದರಳಿಯನಿಗಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಅಳಿಯಸಂತಾನದ ತಂದೆಯೊಬ್ಬನು ತನ್ನ ಮಕ್ಕಳನ್ನು ತನ್ನ ವಾರಸುದಾರರೆಂದು ಕಾನೂನಿನ ಭಾಷೆಯಲ್ಲಿ ಹೆಸರಿಸಬಹುದಾಗಿದ್ದ ಸುಲಭವಾದ ಕಾಗದ ಇದೊಂದೇ ಆಗಿತ್ತು.

ಇಲ್ಲಿ ಪದದ ಬಗ್ಗೆ ಒಂದು ಮಾತು. ಉಯಿಲು ಎಂಬುದು ಇಂಗ್ಲಿಷಿನ ವಿಲ್ ಶಬ್ದವೇ. ಕನ್ನಡವೂ ತಮಿಳೂ ಅದರ ಮುಂದೆ ಉಕಾರವನ್ನು ಹಚ್ಚಿ ತಮ್ಮದಾಗಿಸಿಕೊಂಡಿವೆ. ಮಲಯಾಳದಲ್ಲಿ ವಿಲ್ಪತ್ರವೆಂಬ ಮಾತಿನ ಜೊತೆಗೆ, ಅರಬ್ಬಿಯ ವಸೀಯತ್ ಶಬ್ದದಿಂದ ಬಂದ ಒಸ್ಯತ್ ಎಂಬುದೂ ಬಳಕೆಯಲ್ಲಿದೆ. ಮರಣಶಾಸನವೆಂಬ ಸಂಸ್ಕೃತ ಪದವು ಗ್ರಾಂಥಿಕ. ಊರಿನವರ ಬಾಯಲ್ಲಿ ನಿಂತ ಹೆಸರುಗಳೆಲ್ಲ ಹೊರಗಿನಿಂದ ಬಂದವು. ಅವಿಭಕ್ತ ಕುಟುಂಬದ ಕಟ್ಟಿನೊಳಗೆ ಒಬ್ಬ ವ್ಯಕ್ತಿಯ ಕೊನೆಯ ಇಚ್ಛೆಗೆ ಹೆಚ್ಚಿನ ಎಡೆಯಿರಲಿಲ್ಲವೆಂಬುದನ್ನು ಈ ಪದಗಳೇ ಸೂಚಿಸುತ್ತವೆಯೆಂದು ಊಹಿಸಿದರೆ ತಪ್ಪಾಗಲಾರದು.

ಈಗ ದಕ್ಷಿಣದ ಸಂಸ್ಥಾನಗಳತ್ತ ನೋಡಿದರೆ ಕ್ರಮವು ಬೇರೆಯೇ. ತಿರುವಾಂಕೂರಿನಲ್ಲಿ ನಾಯರ್ ಸಮುದಾಯಕ್ಕೆ ಮೊದಲ ಶಾಸನ 1912ರಲ್ಲಿ ಬಂದಿತು. 1925ರ ಎರಡನೆಯ ಶಾಸನವು ತರವಾಡಿನ ಆಸ್ತಿಯನ್ನು ತಲೆಯೆಣಿಕೆಯಂತೆ ಹಂಚಿಕೊಳ್ಳುವ ಹಕ್ಕನ್ನು ಪ್ರತಿಯೊಬ್ಬ ಸದಸ್ಯನಿಗೂ ಕೊಟ್ಟಿತು. ಅನಂತರದ ವರ್ಷಗಳಲ್ಲಿ ಅಲ್ಲಿನ ತರವಾಡುಗಳು ಸಾಲುಸಾಲಾಗಿ ಒಡೆದುದು ಮಲಯಾಳ ಸಾಹಿತ್ಯದ ಓದುಗರಿಗೂ ತಿಳಿದ ಸಂಗತಿ. ಕೊಚ್ಚಿಯಲ್ಲಿ ಅದೇ ಹಕ್ಕು ಕೊಲ್ಲವರ್ಷ 1113ರಲ್ಲಿ, ಎಂದರೆ 1937-38ರಲ್ಲಿ, ದೊರೆಯಿತು. ಬ್ರಿಟಿಷ್ ಮಲಬಾರಿನಲ್ಲಿ 1932ರ ಮದ್ರಾಸ್ ಮರುಮಕ್ಕತ್ತಾಯ ಕಾಯಿದೆಯು ತಾವಳಿಗಳಿಗೆ, ಅಂದರೆ ಶಾಖೆಗಳಿಗೆ, ಪಾಲು ಕೇಳುವ ಅವಕಾಶ ಕೊಟ್ಟಿತು. ಅಳಿಯಸಂತಾನದವರು ಮಾತ್ರ 1949ರವರೆಗೆ ಕಾಯಬೇಕಾಯಿತು. ಹೀಗೆ ತಿರುವನಂತಪುರದಲ್ಲಿ ಪಾಲು ಹಿಸ್ಸೆಗಳು ಮುಗಿಯುತ್ತ ಬಂದಿದ್ದ ಕಾಲದಲ್ಲಿ ಕಾಸರಗೋಡಿನವರ ಕೈಯಲ್ಲಿದ್ದುದು ಉಯಿಲು ಮಾತ್ರ.

1949ರ ಮದ್ರಾಸ್ ಅಳಿಯಸಂತಾನ ಕಾಯಿದೆಯನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಅದು ಪಾಲಿನ ಹಕ್ಕನ್ನು ಕವರಿಗೆ ಕೊಟ್ಟಿತು. ಕವರುಗಳಲ್ಲಿ ಎರಡು ಬಗೆ ಮಾಡಿತು: ಸಂತತಿ ಕವರು, ನಿಸ್ಸಂತತಿ ಕವರು. ಐವತ್ತು ವರ್ಷ ತುಂಬದ ಒಬ್ಬ ಸ್ತ್ರೀಯಾದರೂ ಇದ್ದರೆ ಅದು ಸಂತತಿ ಕವರು, ಇಲ್ಲವಾದರೆ ನಿಸ್ಸಂತತಿ. ಕುಟುಂಬದಲ್ಲಿ ಸಂತತಿಯುಳ್ಳ ಬೇರೆ ಶಾಖೆ ಇದ್ದರೆ, ನಿಸ್ಸಂತತಿ ಕವರಿಗೆ ಪಾಲಿನಲ್ಲಿ ಬಂದ ಆಸ್ತಿ ಅದರ ಸದಸ್ಯರ ಜೀವಾವಧಿಯ ಅನುಭವಕ್ಕೆ ಮಾತ್ರ. ಆ ಬಳಿಕ ಅದು ಸಂತತಿಯುಳ್ಳವರಿಗೆ ಮರಳತಕ್ಕದ್ದು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಂದು ಕುಟುಂಬದಲ್ಲಿ ಹನ್ನೆರಡು ಮಂದಿ. ಅವರಲ್ಲಿ ಅರುವತ್ತು ದಾಟಿದ ಯಜಮಾನನೊಬ್ಬ, ಅವನ ಒಡಹುಟ್ಟಿದ ಐವತ್ತೈದರ ಸೋದರಿಯೊಬ್ಬಳು; ಆಕೆಗೆ ಮಕ್ಕಳಿಲ್ಲ, ತಾಯಿ ತೀರಿಕೊಂಡಿದ್ದಾಳೆ. ಉಳಿದ ಹತ್ತು ಮಂದಿ ಚಿಕ್ಕಮ್ಮನ ಶಾಖೆಯವರು, ಅವರಲ್ಲಿ ಎಳೆಯ ಹೆಣ್ಣುಮಕ್ಕಳಿದ್ದಾರೆ. ಪುರುಷನ ಕವರೆಂದರೆ ಅವನ ತಾಯಿಯ ಕವರು ಎಂಬುದು ಕಾಯಿದೆಯ ವ್ಯಾಖ್ಯೆ. ಆದುದರಿಂದ ಯಜಮಾನನೂ ಸೋದರಿಯೂ ಸೇರಿ ನಿಸ್ಸಂತತಿ ಕವರು. ಯಜಮಾನನಿಗೆ ಹೆಂಡತಿಯಲ್ಲಿ ಆರು ಮಂದಿ ಮಕ್ಕಳಿರಬಹುದು. ಆದರೂ ಅವನು ನಿಸ್ಸಂತತಿಯೇ. ಆರು ಮಕ್ಕಳ ತಂದೆಯನ್ನು ಸಂತತಿಯಿಲ್ಲದವನೆಂದು ಕರೆಯುವ ಈ ಪಾರಿಭಾಷಿಕ ಪದವನ್ನು ಶಾಸನಕಾರರು ಹೊಸದಾಗಿ ಹುಟ್ಟಿಸಿದುದಲ್ಲ, ಪದ್ಧತಿಯ ತರ್ಕವನ್ನು ಅದು ನಿಷ್ಠೆಯಿಂದ ಹೇಳುತ್ತದೆ. ಸಂತತಿಯನ್ನು ಹೊರುವವಳು ಹೆಣ್ಣು. ಹೆಣ್ಣಿನ ಹೆರುವ ವಯಸ್ಸು ಮುಗಿದರೆ ಶಾಖೆ ಮುಗಿಯಿತು. ಅದನ್ನು ಐವತ್ತು ಎಂಬ ಅಂಕಿಯಲ್ಲಿ ಬರೆದುದು ಮಾತ್ರ ಕಾನೂನಿನ ಕೊಡುಗೆ.

ಏಳು ವರ್ಷಗಳಲ್ಲಿ ಈ ಏರ್ಪಾಡಿನ ಅಡಿಗಲ್ಲು ಅಲುಗಿತು. 1956ರ ಜೂನ್ 17ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ಕಾಯಿದೆಯ 7ನೆಯ ಸೆಕ್ಷನ್ನಿನಂತೆ, ಅಳಿಯಸಂತಾನದ ಸದಸ್ಯನು ಅವಿಭಕ್ತನಾಗಿ ಸತ್ತರೆ, ಸಾಯುವ ಮುನ್ನ ತಲೆಯೆಣಿಕೆಯಿಂದ ಪಾಲಾಗಿತ್ತೆಂದು ಭಾವಿಸಿ ಅವನಿಗೆ ಬರಬಹುದಾಗಿದ್ದ ಪಾಲು ಪೂರ್ಣ ಹಕ್ಕಿನಿಂದ ಅವನದೆಂದು ಎಣಿಸಬೇಕು. ಅದು ಈ ಕಾಯಿದೆಯ ವಾರಸುದಾರರಿಗೆ ಹೋಗುತ್ತದೆ, ಕಟ್ಟಳೆಯ ವಾರಸುದಾರರಿಗಲ್ಲ. ನಮ್ಮ ಉದಾಹರಣೆಯ ಯಜಮಾನನಿಗೆ ಹನ್ನೆರಡರಲ್ಲಿ ಒಂದು ಪಾಲು ಹೀಗೆ ಲಭಿಸುತ್ತದೆ. 30ನೆಯ ಸೆಕ್ಷನ್ನಿನ ವಿವರಣೆಯು ಇನ್ನೂ ಮುಂದೆ ಹೋಗಿ, ಕುಟುಂಬ ಅಥವಾ ಕವರಿನ ಆಸ್ತಿಯಲ್ಲಿರುವ ಸದಸ್ಯನ ಹಿತವನ್ನು ಉಯಿಲಿನ ಮೂಲಕ ವಿಲೇ ಮಾಡಬಹುದಾದ ಆಸ್ತಿಯೆಂದು ಸಾರಿತು. 1898ರಲ್ಲಿ ಸ್ವಯಾರ್ಜಿತಕ್ಕೆ ನಿಂತಿದ್ದ ಉಯಿಲು ಈಗ ಕುಟುಂಬದ ಹೊಸ್ತಿಲನ್ನು ದಾಟಿತು.

ಆ ವಿವರಣೆಯ ವಾಕ್ಯದಲ್ಲಿ ಒಂದು ವಿಶೇಷವಿದೆ. ಮಿತಾಕ್ಷರ ಕುಟುಂಬದ ಪ್ರಸ್ತಾಪ ಬಂದಲ್ಲಿ ಅದು ಹಿಂದೂ ಪುರುಷನ ಹಿತವೆನ್ನುತ್ತದೆ; ತರವಾಡು, ತಾವಳಿ, ಇಲ್ಲಂ, ಕುಟುಂಬ, ಕವರುಗಳ ಪ್ರಸ್ತಾಪ ಬಂದಲ್ಲಿ ಸದಸ್ಯ ಎನ್ನುತ್ತದೆ. 1956ರಲ್ಲಿ ಧಾರವಾಡದ ಅಥವಾ ಮೈಸೂರಿನ ಮಿತಾಕ್ಷರ ಮನೆತನದ ಹೆಣ್ಣುಮಗಳಿಗೆ ಪಿತ್ರಾರ್ಜಿತದಲ್ಲಿ ಉಯಿಲಿನಿಂದ ಬರೆದಿಡಬಹುದಾದ ಜನ್ಮಸಿದ್ಧ ಹಿತವಿರಲಿಲ್ಲ. ಮಂಜೇಶ್ವರದ ಬಂಟ ಹೆಣ್ಣುಮಗಳಿಗೆ ಇತ್ತು. ಅದೇ ಕಾಯಿದೆಯ 17ನೆಯ ಸೆಕ್ಷನ್ನಿನಂತೆ ಅಳಿಯಸಂತಾನದ ಸ್ತ್ರೀ ಉಯಿಲಿಲ್ಲದೆ ಸತ್ತರೆ ಮೊದಲ ಸಾಲಿನ ವಾರಸುದಾರರು ಮಕ್ಕಳು ಮತ್ತು ತಾಯಿ. ಗಂಡನು ತಂದೆಯೊಡನೆ ಎರಡನೆಯ ಸಾಲಿನಲ್ಲಿ ನಿಲ್ಲುತ್ತಾನೆ. ಹಳೆಯ ಪದ್ಧತಿಯ ನೆನಪನ್ನು ಹೊಸ ಕಾಯಿದೆ ಪೂರ್ತಿಯಾಗಿ ಅಳಿಸಲಿಲ್ಲ.

ಆದರೂ ಲಾಭನಷ್ಟಗಳ ಲೆಕ್ಕವನ್ನು ಮರೆಮಾಚಬಾರದು. ಯಜಮಾನನು ತನ್ನ ಪಾಲನ್ನು ಹೆಂಡತಿ ಮಕ್ಕಳಿಗೆ ಬರೆದಾಗ ಅದು ಹೊರಗೆ ಹೋದುದು ಸೋದರಿಯ ಕವರಿನಿಂದ. ಗಂಡನ ಮನೆಗೆ ಹೋಗದೆ ತವರಿನಲ್ಲೇ ಉಳಿದ, ವಿಧವೆಯಾಗಿ ಮರಳಿದ, ಮಕ್ಕಳಿಲ್ಲದ ಸೋದರಿಯರಿಗೆ ಕುಟುಂಬದ ಆಸ್ತಿಯೇ ಆಸರೆಯಾಗಿತ್ತು. ಆಕೆಗೂ ತನ್ನ ಪಾಲು ಇತ್ತೆನ್ನುವುದು ನಿಜ. ಆದರೆ ಹನ್ನೆರಡರಲ್ಲಿ ಒಂದು ಪಾಲು ಬೇರೆ, ಅವಿಭಕ್ತ ಮನೆಯ ಅಂಗಳ ಬೇರೆ. ಸುಧಾರಣೆಯ ಚರಿತ್ರೆಯನ್ನು ಬರೆದವರು ಹೆಂಡತಿಗೆ ದೊರೆತ ನ್ಯಾಯವನ್ನು ಬಣ್ಣಿಸುವಾಗ ಈ ಸೋದರಿಯನ್ನು ಅಷ್ಟಾಗಿ ನೆನೆಯುವುದಿಲ್ಲ.

ವ್ಯಾಜ್ಯಗಳು ಹುಟ್ಟಿದುದು ಅನಿವಾರ್ಯ. 1949ರ ಕಾಯಿದೆಯಂತೆ ಜೀವಾವಧಿಯ ಹಕ್ಕನ್ನು ಮಾತ್ರ ಪಡೆದವನು 1956ರ ಕಾಯಿದೆಯ ಬಲದಿಂದ ಅದನ್ನು ಉಯಿಲಿನಲ್ಲಿ ಬರೆಯಬಹುದೇ? ಪಾಲಿಗೆ ನೋಟೀಸು ಕೊಟ್ಟು ತೀರ್ಪು ಬರುವ ಮುನ್ನ ಸತ್ತವನು ವಿಭಕ್ತನೋ ಅವಿಭಕ್ತನೋ? ದಕ್ಷಿಣ ಕನ್ನಡದ ಕುಟುಂಬಗಳ ಇಂತಹ ಪ್ರಶ್ನೆಗಳು 1970ರ ದಶಕದಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋದವು. ಆ ತೀರ್ಪುಗಳ ಪುಟಗಳಲ್ಲಿ ಕವರು, ಸಂತತಿ, ನಿಸ್ಸಂತತಿ ಎಂಬ ನಮ್ಮ ಪದಗಳು ಅನುವಾದವಿಲ್ಲದೆ ನಿಂತಿರುವುದನ್ನು ಭಾಷಾಭ್ಯಾಸಿಗಳು ಗಮನಿಸಬಹುದು.

ವಿಧಿವಿಧಾನದ ಬಗ್ಗೆ ಸಂಕ್ಷೇಪವಾಗಿ ಹೇಳಿದರೆ ಸಾಕು. 1927ರ ಜನವರಿ 1ರಿಂದ ದೇಶದಾದ್ಯಂತ ಹಿಂದೂ ಉಯಿಲಿಗೆ ಬರೆಹ, ಬರೆದವನ ಸಹಿ, ಇಬ್ಬರು ಸಾಕ್ಷಿಗಳು ಕಡ್ಡಾಯವಾದವು. ನೋಂದಣಿ ಕಡ್ಡಾಯವಲ್ಲ. ಪ್ರೊಬೇಟ್, ಎಂದರೆ ಉಯಿಲು ನಿಜವೆಂದು ನ್ಯಾಯಾಲಯದಿಂದ ಪ್ರಮಾಣಪತ್ರ ಪಡೆಯುವ ಕ್ರಮ, 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಲ್ಲಿ ಹಿಂದೂಗಳ ಮಟ್ಟಿಗೆ ಬಂಗಾಳದ ಪ್ರಾಂತಕ್ಕೂ ಮದ್ರಾಸ್, ಮುಂಬಯಿ ನಗರಗಳಿಗೂ ಸಂಬಂಧಿಸಿದ ಉಯಿಲುಗಳಿಗೆ ಮಾತ್ರ ಕಡ್ಡಾಯವಾಗಿತ್ತು. ದಕ್ಷಿಣ ಕನ್ನಡಕ್ಕಾಗಲಿ ತಿರುವಾಂಕೂರು ಕೊಚ್ಚಿಗಳಿಗಾಗಲಿ ಅಲ್ಲ. ಹೀಗಾಗಿ ಕಾಸರಗೋಡಿನ ಉಯಿಲು ನ್ಯಾಯಾಲಯದ ಮುಖವನ್ನು ನೋಡಿದುದು ಜಗಳವಾದಾಗ ಮಾತ್ರ, ಅದೂ ಸಾಕ್ಷಿ ಹಾಕಿದವರಲ್ಲಿ ಒಬ್ಬನನ್ನಾದರೂ ಕಟಕಟೆಗೆ ಕರೆಯಿಸಿ ರುಜುವಾತುಪಡಿಸುವ ಸಲುವಾಗಿ. ಸದ್ದಿಲ್ಲದೆ ಜಾರಿಯಾದ ಉಯಿಲುಗಳ ಸುಳಿವು ನ್ಯಾಯಾಲಯದ ಕಡತಗಳಲ್ಲಿ ಸಿಕ್ಕುವುದಿಲ್ಲ.

1956ರ ಜೂನ್‌ನಲ್ಲಿ ಹೊಸ ಕಾಯಿದೆ ಬಂದಾಗ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ನಾಲ್ಕೂವರೆ ತಿಂಗಳ ಬಳಿಕ ರಾಜ್ಯಗಳ ಪುನರ್ವಿಂಗಡಣೆಯಾಯಿತು. ಜಿಲ್ಲೆಯ ಉತ್ತರಭಾಗ ಮೈಸೂರಿಗೂ ಕಾಸರಗೋಡು ಕೇರಳಕ್ಕೂ ಸೇರಿದವು. ಗಡಿರೇಖೆಯು ಊರ ನಡುವೆ ಹಾದುದರ ಬಗ್ಗೆ, ಶಾಲೆಗಳ ಬಗ್ಗೆ, ಆಡಳಿತ ಭಾಷೆಯ ಬಗ್ಗೆ ಬರೆದವರು ಹಲವರು. ಅದು ಕುಟುಂಬಗಳ ನಡುವೆಯೂ ಹಾದುಹೋಯಿತು. ತಲಪಾಡಿಯ ಆಚೆ ಈಚೆ ಒಂದೇ ಕುಟುಂಬದ ಗದ್ದೆಗಳಿದ್ದುವು, ಒಂದೇ ದೈವದ ಚಾವಡಿಗೆ ನಡೆದುಕೊಳ್ಳುವ ಕವರುಗಳಿದ್ದುವು. ಎರಡು ದಶಕಗಳ ಕಾಲ ಇದರಿಂದ ಕಾನೂನಿನಲ್ಲಿ ದೊಡ್ಡ ಅಂತರವಾಗಲಿಲ್ಲ. ಎರಡೂ ಕಡೆ 1949ರ ಕಾಯಿದೆ, ಅದರ ಮೇಲೆ 1956ರ ಕಾಯಿದೆ.

ಅಂತರ ಬಂದುದು ಸಿ. ಅಚ್ಯುತ ಮೇನೋನರ ಸರ್ಕಾರದ ಕಾಲದ ಕೇರಳ ಹಿಂದೂ ಅವಿಭಕ್ತ ಕುಟುಂಬ ಪದ್ಧತಿ (ರದ್ದತಿ) ಕಾಯಿದೆ, 1975ರಿಂದ. ಅದರ ವ್ಯಾಖ್ಯೆಯಲ್ಲಿ ಮರುಮಕ್ಕತ್ತಾಯದ ತರವಾಡು ತಾವಳಿಗಳ ಬಳಿಕ, 1949ರ ಕಾಯಿದೆಗೆ ಒಳಪಟ್ಟ ಕುಟುಂಬ ಅಥವಾ ಕವರು ಎಂಬ ಮಾತು ಪ್ರತ್ಯೇಕವಾಗಿದೆ. ತಂಪಾನೂರಿನ ಸಮೀಪದ ಸಭಾಂಗಣದಲ್ಲಿ ರೂಪುಗೊಂಡ ಶಾಸನದಲ್ಲಿ ಕಾಸರಗೋಡಿನ ಕನ್ನಡ ತುಳು ಜನರು ಕಾಣಿಸಿಕೊಳ್ಳುವುದು ಈ ಎರಡು ಪದಗಳ ಮೂಲಕವೇ. ನಿಗದಿತ ದಿನದಿಂದ ತಲೆಯೆಣಿಕೆಯ ಪಾಲು ಆಗಿಹೋಯಿತೆಂದು ಭಾವಿಸತಕ್ಕದ್ದು. ಪ್ರತಿಯೊಬ್ಬನೂ ತನ್ನ ಪಾಲನ್ನು ಪ್ರತ್ಯೇಕವಾಗಿ, ಪೂರ್ಣ ಹಕ್ಕಿನಿಂದ ಹೊಂದಿರತಕ್ಕದ್ದು. ಅವಿಭಕ್ತ ಕುಟುಂಬವನ್ನೇ ರದ್ದುಪಡಿಸಿದ ರಾಜ್ಯ ಕೇರಳವೊಂದೇ. ಕರ್ನಾಟಕ ಅಂತಹ ಶಾಸನವನ್ನು ಮಾಡಲಿಲ್ಲ. ಪರಿಣಾಮವಾಗಿ ಒಂದೇ ಕುಟುಂಬದ ಇಬ್ಬರು ಸೋದರರು ಒಂದೇ ದಿನ ಉಯಿಲು ಬರೆದರೂ, ಮಂಜೇಶ್ವರದ ಜಮೀನಿನ ಮಟ್ಟಿಗೆ ಅದು ನಿಶ್ಚಿತವಾದ ಪಾಲಿನ ಬರೆಹ; ಉಳ್ಳಾಲದ ಕಡೆಯ ಅವಿಭಕ್ತ ಜಮೀನಿನ ಮಟ್ಟಿಗೆ ಸಾವಿನ ದಿನದ ತಲೆಯೆಣಿಕೆಯನ್ನು ಅವಲಂಬಿಸಿದ ಬರೆಹ. ಈ ವೇಳೆಗೆ ಬರೆಯುವುದಕ್ಕೆ ಉಳಿದಿದ್ದ ಭೂಮಿಯೂ ಕಡಮೆಯಾಗಿತ್ತು: ಕೇರಳದಲ್ಲಿ 1970ರ ಜನವರಿ 1ರಿಂದ, ಕರ್ನಾಟಕದಲ್ಲಿ 1974ರ ಮಾರ್ಚ್ 1ರಿಂದ ಗೇಣಿಯ ಗದ್ದೆಗಳು ಒಡೆಯರ ಕೈಬಿಟ್ಟಿದ್ದುವು. ಮನೆ, ತೆಂಗು, ಅಡಕೆಯ ತೋಟ, ಬ್ಯಾಂಕಿನ ಹಣ ಇವೇ ಉಯಿಲಿನ ವಸ್ತುಗಳಾದವು.

ಉಯಿಲಿನ ಹಕ್ಕು ತನ್ನಷ್ಟಕ್ಕೆ ಉದಾರವೂ ಅಲ್ಲ, ಕ್ರೂರವೂ ಅಲ್ಲ ಎಂಬುದನ್ನು ತಿಳಿಯಲು ತಿರುವಾಂಕೂರಿನ ಕ್ರೈಸ್ತರ ಚರಿತ್ರೆಯನ್ನು ಪಕ್ಕದಲ್ಲಿಟ್ಟು ನೋಡಬಹುದು. ಅಲ್ಲಿನ 1916ರ ಕ್ರೈಸ್ತ ಉತ್ತರಾಧಿಕಾರ ಶಾಸನದಂತೆ, ತಂದೆ ಉಯಿಲಿಲ್ಲದೆ ಸತ್ತರೆ ಮಗಳಿಗೆ ಮಗನ ಪಾಲಿನ ಕಾಲು ಭಾಗ ಅಥವಾ 5,000 ರೂಪಾಯಿ, ಇವೆರಡರಲ್ಲಿ ಕಡಮೆಯಾದುದು. ಮೇರಿ ರಾಯ್ ಅವರ ಮೊಕದ್ದಮೆಯಲ್ಲಿ 1986ರ ಫೆಬ್ರವರಿ 24ರಂದು ಸುಪ್ರೀಂ ಕೋರ್ಟು ಆ ಶಾಸನವು 1951ರ ಏಪ್ರಿಲ್ 1ರಂದೇ ರದ್ದಾಗಿತ್ತೆಂದು ತೀರ್ಮಾನಿಸಿತು. ಮಗಳಿಗೆ ಸಮಪಾಲು ಬಂದಿತು. ಆದರೆ ಸಮಪಾಲಿನ ನಿಯಮ ಅನ್ವಯವಾಗುವುದು ಉಯಿಲಿಲ್ಲದಾಗ ಮಾತ್ರ. ಆ ತೀರ್ಪಿನ ತರುವಾಯ ಮಗಳನ್ನು ಹೊರಗಿಟ್ಟು ಗಂಡುಮಕ್ಕಳಿಗೆ ಉಯಿಲು ಬರೆಯುವ ಪರಿಪಾಟಿ ಬಲಗೊಂಡಿತೆಂದು ಅಭ್ಯಾಸಿಗಳು ಗುರುತಿಸಿದ್ದಾರೆ. ಕಾಸರಗೋಡಿನ ತಂದೆಗೆ ಮಕ್ಕಳನ್ನು ಒಳಗೆ ತರಲು ಒದಗಿದ ಅದೇ ಉಪಕರಣ ಕೋಟ್ಟಯದ ತಂದೆಗೆ ಮಗಳನ್ನು ಹೊರಗಿಡಲು ಒದಗಿತು.

ರಾಜಮನೆತನಗಳ ವಿಷಯದಲ್ಲಿ ಕಾನೂನು ಮೊದಲಿನಿಂದಲೂ ಮೆಲ್ಲಗೆ ನಡೆದಿದೆ. 1956ರ ಕಾಯಿದೆಯ 5ನೆಯ ಸೆಕ್ಷನ್ನಿನಲ್ಲಿಯೇ ಕೊಚ್ಚಿಯ ವಲಿಯಮ್ಮ ತಂಪುರಾನ್ ಕೋವಿಲಗಂ ಎಸ್ಟೇಟಿಗೂ ಅರಮನೆ ನಿಧಿಗೂ ವಿನಾಯಿತಿ ಇತ್ತು. ಮಹಾರಾಜರು 1949ರ ಜೂನ್ 29ರಂದು ಹೊರಡಿಸಿದ ಘೋಷಣೆಯಂತೆ ಅವುಗಳ ಆಡಳಿತವು ಒಂದು ಮಂಡಳಿಯ ಕೈಯಲ್ಲಿತ್ತು. ಹಂಚಿಕೆಗೆ 1961ರಲ್ಲಿ ಪ್ರತ್ಯೇಕ ಶಾಸನವೇ ಬೇಕಾಯಿತು. ತಂಪಾನೂರಿನಿಂದ ಕೂಗಳತೆಯಲ್ಲಿರುವ ಪದ್ಮನಾಭಸ್ವಾಮಿ ದೇವಾಲಯದ ಸಂಗತಿ ಇನ್ನೂ ಸೋಜಿಗದ್ದು. ಮಾರ್ತಾಂಡವರ್ಮನು 1750ರಲ್ಲಿ ರಾಜ್ಯವನ್ನೇ ದೇವರಿಗೆ ಒಪ್ಪಿಸಿ ತಾನು ದಾಸನಾಗಿ ಆಳಿದನು. 1949ರ ಒಡಂಬಡಿಕೆಯಲ್ಲಿ ದೇವಾಲಯದ ಆಡಳಿತವನ್ನು ತಿರುವಾಂಕೂರಿನ ಅರಸನಿಗೆ ನ್ಯಾಸರೂಪವಾಗಿ ವಹಿಸಲಾಯಿತು. ಒಡಂಬಡಿಕೆಗೆ ಸಹಿ ಮಾಡಿದ ಚಿತ್ತಿರ ತಿರುನಾಳ್ ಬಾಲರಾಮವರ್ಮ 1991ರಲ್ಲಿ ತೀರಿಕೊಂಡಾಗ ಆ ಹೊಣೆ ಯಾರಿಗೆ ಎಂಬ ಪ್ರಶ್ನೆ ಎದ್ದಿತು. ಕೇರಳ ಹೈಕೋರ್ಟು 2011ರ ಜನವರಿ 31ರಂದು ಸರ್ಕಾರದ ಪರವಾಗಿ ತೀರ್ಪಿತ್ತಿತು. 2020ರ ಜುಲೈ 13ರಂದು ಸುಪ್ರೀಂ ಕೋರ್ಟು ಅದನ್ನು ಬದಿಗಿಟ್ಟು, ದೇವರ ಆಸ್ತಿಯ ನಿರ್ವಹಣೆಯ ಹಕ್ಕು ಮನೆತನದ ಸಂಪ್ರದಾಯದಂತೆ ಇಳಿಯತಕ್ಕದ್ದೆಂದು ಹೇಳಿ, ಆಡಳಿತಕ್ಕೆ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಯನ್ನು ಒಪ್ಪಿತು. ಮಾವನಿಂದ ಅಳಿಯನಿಗೆ ಎಂಬ ನಿಯಮವು ಗೃಹಸ್ಥರ ಆಸ್ತಿಯಲ್ಲಿ 1976ಕ್ಕೆ ಮುಗಿದ ರಾಜ್ಯದಲ್ಲಿ, ದೇವರ ಊಳಿಗದಲ್ಲಿ ಅದು 2020ರಲ್ಲಿ ಮಾನ್ಯತೆ ಪಡೆಯಿತು.

ಇದನ್ನು ಹೇಳಿದುದು ಕುತೂಹಲಕ್ಕಾಗಿ ಅಲ್ಲ. ತುಳುನಾಡಿನ ಕುಟುಂಬಗಳಲ್ಲಿಯೂ ಸಣ್ಣ ಪ್ರಮಾಣದಲ್ಲಿ ಇದೇ ನಡೆದಿದೆ. ಗದ್ದೆ ಪಾಲಾಗಬಹುದು, ತೋಟ ಪಾಲಾಗಬಹುದು. ದೈವದ ಚಾವಡಿಯನ್ನು, ಮಂಚವನ್ನು, ಭಂಡಾರವನ್ನು, ವರ್ಷದ ನೇಮದ ಖರ್ಚನ್ನು ತಲೆಯೆಣಿಕೆಯಿಂದ ಹಂಚುವುದು ಹೇಗೆ? ಹನ್ನೆರಡರಲ್ಲಿ ಒಂದು ದೈವವೆಂಬುದಿಲ್ಲ. ಮೂಲ ಮನೆಯನ್ನೂ ಅದರ ಅಂಗಳವನ್ನೂ ಪಾಲಿನಿಂದ ಹೊರಗಿಟ್ಟು, ಕುಟುಂಬದ ಹೆಸರಿನಲ್ಲಿ ಟ್ರಸ್ಟನ್ನು ನೋಂದಾಯಿಸಿ, ಕವರಿಗೊಬ್ಬರಂತೆ ಟ್ರಸ್ಟಿಗಳನ್ನು ನೇಮಿಸಿಕೊಳ್ಳುವ ಕ್ರಮ ಗಡಿಯ ಎರಡೂ ಕಡೆ ಕಂಡುಬರುತ್ತದೆ. 1882ರ ಭಾರತೀಯ ಟ್ರಸ್ಟ್ ಕಾಯಿದೆಯು ಖಾಸಗಿ ಧಾರ್ಮಿಕ ದತ್ತಿಗಳಿಗೆ ಅನ್ವಯಿಸುವುದಿಲ್ಲವೆಂದು ತನ್ನ ಮೊದಲ ಸೆಕ್ಷನ್ನಿನಲ್ಲಿಯೇ ಹೇಳಿದೆ. ಹೀಗಾಗಿ ಇವುಗಳ ನಡಾವಳಿಗೆ ಬರೆದುಕೊಂಡ ಪತ್ರ ಮತ್ತು ಹಿಂದಿನ ವಾಡಿಕೆ ಇವೆರಡೇ ಆಧಾರ. ಮಗನಾದವನು ತಂದೆಯ ಮನೆ, ತೋಟ, ಹಣವನ್ನೆಲ್ಲ ಉಯಿಲಿನಿಂದ ಪಡೆದಿದ್ದರೂ ದೈವದ ಮುಂದೆ ಗಡಿ ಹಿಡಿಯುವ ಹಕ್ಕನ್ನು ಮಾತ್ರ ತಾಯಿಯ ಕಡೆಯಿಂದಲೇ ಪಡೆಯುತ್ತಾನೆ. ಅಳಿಯಸಂತಾನದ ಉಳಿದ ಜೀವ ಇರುವುದು ಈ ಟ್ರಸ್ಟ್ ಪತ್ರಗಳಲ್ಲಿ. ಮುಂದಿನ ವ್ಯಾಜ್ಯಗಳೂ ಅವುಗಳಿಂದಲೇ ಹುಟ್ಟಬಹುದೆಂದು ನಮಗೆ ತೋರುತ್ತದೆ, ಏಕೆಂದರೆ ಈ ಪತ್ರಗಳು ಕಾನೂನಿನಲ್ಲಿ ಇಲ್ಲವಾದ ಕವರುಗಳನ್ನು ಮತ್ತೆ ಲೆಕ್ಕಕ್ಕೆ ತರುತ್ತವೆ.

ಆಕರಗಳನ್ನು ಹುಡುಕುವವರಿಗೆ ಉಪಯುಕ್ತವಾದ ಒಂದೆರಡು ಸಂಗತಿಗಳು. ನೋಂದಾಯಿತ ಉಯಿಲುಗಳನ್ನು 1908ರ ನೋಂದಣಿ ಕಾಯಿದೆಯಂತೆ 3ನೆಯ ಪುಸ್ತಕದಲ್ಲಿ ನಕಲು ಮಾಡಲಾಗುತ್ತದೆ. ಬರೆದವನು ಬದುಕಿರುವತನಕ ಅದರ ನಕಲು ಅವನಿಗೂ ಅವನ ಮುಖ್ತಾರನಿಗೂ ಮಾತ್ರ. ಅವನು ತೀರಿಕೊಂಡ ಬಳಿಕ ಯಾರು ಅರ್ಜಿ ಹಾಕಿದರೂ ದೊರೆಯತಕ್ಕದ್ದು. ಕಾಸರಗೋಡು ಪ್ರದೇಶವು 1956ರವರೆಗೆ ಮಂಗಳೂರು ಕೇಂದ್ರವಾದ ದಕ್ಷಿಣ ಕನ್ನಡ ಜಿಲ್ಲೆಗೂ ಆ ಬಳಿಕ ಕಣ್ಣೂರು ಜಿಲ್ಲೆಗೂ ಸೇರಿತ್ತು. ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದುದು 1984ರ ಮೇ 24ರಂದು. ಒಂದು ಕುಟುಂಬದ ಮೂರು ತಲೆಮಾರಿನ ಕಾಗದಗಳಿಗಾಗಿ ಈ ಮೂರು ಊರುಗಳನ್ನೂ ಸುತ್ತಬೇಕಾದೀತು. 1969ರ ಕೇರಳ ಆಡಳಿತ ಭಾಷಾ ಶಾಸನವು ಕನ್ನಡ ಅಲ್ಪಸಂಖ್ಯಾತರಿಗೆ ಸೆಕ್ರೆಟೇರಿಯೇಟಿನೊಡನೆಯೂ ತಮ್ಮ ಪ್ರದೇಶದ ಕಚೇರಿಗಳೊಡನೆಯೂ ಕನ್ನಡದಲ್ಲಿ ಪತ್ರವ್ಯವಹಾರ ನಡೆಸುವ ಹಕ್ಕನ್ನು ಕೊಟ್ಟಿದೆ. ನಕಲಿನ ಅರ್ಜಿಯನ್ನು ಕನ್ನಡದಲ್ಲಿಯೇ ಬರೆಯಬಹುದು. ಓದುವಾಗ ಮೊದಲು ತಾರೀಕನ್ನು ನೋಡಬೇಕು. 1956ರ ಜೂನ್ 17ಕ್ಕೆ ಹಿಂದೆ ತೀರಿಕೊಂಡವನ ಉಯಿಲಿನಲ್ಲಿ ಕುಟುಂಬದ ಗದ್ದೆಯ ಚಕ್ಕುಬಂದಿ ಕಂಡರೆ, ಆ ಗದ್ದೆ ಅದಾಗಲೇ ಪಾಲಾಗಿತ್ತೇ ಎಂಬುದನ್ನು ವಿಚಾರಿಸಬೇಕು. ಪಾಲಾಗಿರದಿದ್ದರೆ ಆ ಬರೆಹ ಕಾನೂನಿನಲ್ಲಿ ನಿಲ್ಲುವಂಥದಲ್ಲ, ಬರೆದವನ ಇಚ್ಛೆಗೆ ಮಾತ್ರ ಸಾಕ್ಷಿ.